ಆಲಿವ್ ಮರದ ಬಾಯಾರಿಕೆಯನ್ನು ಅಳೆಯುವ ಬಗೆ

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಾಠ)



ಬೆಳೆಗೆ ನೀರು ಯಾವಾಗ ಕೊಡಬೇಕು ಎಂಬ ಪ್ರಶ್ನೆಗೆ ಪ್ರತಿಯೊಬ್ಬ ಬೇಸಾಯಗಾರನಲ್ಲೂ ಒಂದು ಉತ್ತರವಿರುತ್ತದೆ. ಕೆಲವರು ಮಣ್ಣನ್ನು ಹಿಡಿಯಲ್ಲಿ ತೆಗೆದುಕೊಂಡು ಉಂಡೆ ಕಟ್ಟಿ ಹದ ನೋಡುತ್ತಾರೆ. ಕೆಲವರು ಮಧ್ಯಾಹ್ನದ ಬಿಸಿಲಿನಲ್ಲಿ ಎಲೆ ಜೋತು ಬಿದ್ದಿದೆಯೇ ಎಂದು ನೋಡುತ್ತಾರೆ. ಇನ್ನು ಕೆಲವರು ವಿದ್ಯುತ್ ಬಂದಾಗ ಅಥವಾ ನಾಲೆಯ ಸರದಿ ಬಂದಾಗ ನೀರು ಬಿಡುತ್ತಾರೆ. ಹೆಸರು, ಟೊಮ್ಯಾಟೊ, ಬದನೆಯಂತಹ ಬೆಳೆಗಳಲ್ಲಿ ಎಲೆಯನ್ನು ನೋಡಿ ತೀರ್ಮಾನಿಸುವುದರಿಂದ ಅಷ್ಟಾಗಿ ಮೋಸವಾಗುವುದಿಲ್ಲ. ಅವು ಬಾಯಾರಿದ ಕೂಡಲೇ ತಲೆ ಬಾಗಿಸುತ್ತವೆ. ಆದರೆ ಎಷ್ಟೇ ಬಾಯಾರಿದರೂ ತಲೆ ಬಾಗಿಸದ ಮರವೊಂದಿದೆ. ಅದೇ ಆಲಿವ್. ಈ ಮರದ ಬಾಯಾರಿಕೆಯನ್ನು ಉಪಕರಣದಿಂದ ಅಳೆದು, ಅದಕ್ಕೆ ತಕ್ಕಂತೆ ನೀರು ಕೊಡುವ ಪದ್ಧತಿ ಸ್ಪೇನ್, ಇಟಲಿ, ಇಸ್ರೇಲ್ ಮತ್ತು ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತಗಳಲ್ಲಿ ಬೆಳೆದುಬಂದಿದೆ. ಆ ಪದ್ಧತಿಯನ್ನು ಇಲ್ಲಿ ವಿವರಿಸಲಾಗಿದೆ.

ಆಲಿವ್ ಹೆಸರು ಕನ್ನಡಿಗರಿಗೆ ಪೂರ್ತಿ ಹೊಸದಲ್ಲ. ಕನ್ನಡದ ಬೈಬಲಿನಲ್ಲಿ ಇದನ್ನು 'ಎಣ್ಣೆಮರ' ಎಂದು ಕರೆದಿದ್ದಾರೆ. ಉತ್ತರ ಭಾರತದಲ್ಲಿ ಇದು 'ಜೈತೂನ್'. ಸಸ್ಯಶಾಸ್ತ್ರದ ಪ್ರಕಾರ ಇದು ಮಲ್ಲಿಗೆ ಮತ್ತು ಪಾರಿಜಾತಗಳ ಕುಟುಂಬಕ್ಕೆ ಸೇರಿದೆ. ಹಣ್ಣಿನ ತಿರುಳಿನಿಂದ ಎಣ್ಣೆ ತೆಗೆಯುತ್ತಾರೆ. ಬಲಿಯದ ಕಾಯಿ ಮತ್ತು ಹಣ್ಣುಗಳನ್ನು ಉಪ್ಪುನೀರಿನಲ್ಲಿ ಹದಗೊಳಿಸಿ ತಿನ್ನುತ್ತಾರೆ.

ನೀರಿನ ಲೆಕ್ಕ

ಪ್ರಪಂಚದಲ್ಲಿ ಅತಿ ಹೆಚ್ಚು ಆಲಿವ್ ಎಣ್ಣೆ ತೆಗೆಯುವ ದೇಶ ಸ್ಪೇನ್. ಆ ದೇಶದ ದಕ್ಷಿಣಕ್ಕೆ ಆಂಡಲೂಸಿಯಾ ಪ್ರಾಂತ, ಅದರಲ್ಲಿ ಹಾಯೆನ್ ಎಂಬ ಜಿಲ್ಲೆ. ಈ ಒಂದು ಜಿಲ್ಲೆಯಲ್ಲಿಯೇ 6 ಕೋಟಿಗೂ ಹೆಚ್ಚು ಆಲಿವ್ ಮರಗಳಿವೆ. ಗುಡ್ಡ, ತಗ್ಗು, ಹೊಳೆದಂಡೆ ಎನ್ನದೆ ಕಣ್ಣು ಹಾಯಿಸಿದಷ್ಟೂ ಸಾಲುಮರಗಳು. ಅಲ್ಲಿನ ಮಳೆ ವರ್ಷಕ್ಕೆ ಸುಮಾರು 400ರಿಂದ 600 ಮಿಲಿಮೀಟರ್. ಇಷ್ಟು ಮಳೆ ನಮ್ಮ ಬಯಲುಸೀಮೆಯಲ್ಲಿಯೂ ಬೀಳುತ್ತದೆ. ವ್ಯತ್ಯಾಸವಿರುವುದು ಕಾಲದಲ್ಲಿ. ಅಲ್ಲಿ ಮಳೆಯೆಲ್ಲ ಚಳಿಗಾಲದಲ್ಲಿ, ಅದರ ಆಚೀಚೆಯ ತಿಂಗಳುಗಳಲ್ಲಿ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ, ಮರ ಕಾಯಿ ಹೊತ್ತು ನಿಂತಿರುವ ಕಾಲದಲ್ಲಿ, ಆಕಾಶ ಬರಿದಾಗಿರುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಜುಲೈ ತಿಂಗಳಲ್ಲಿ ಅಲ್ಲಿನ ಬಿಸಿಲು, ಗಾಳಿಗೆ ದಿನಕ್ಕೆ ಸುಮಾರು 7 ಮಿಲಿಮೀಟರ್ ನೀರು ಆವಿಯಾಗುವ ಶಕ್ತಿಯಿದೆ. ಆಲಿವ್ ಮರದ ಸ್ವಭಾವವನ್ನೂ, ನೆಲಕ್ಕೆ ಬೀಳುವ ನೆರಳಿನ ಪ್ರಮಾಣವನ್ನೂ ಗಣನೆಗೆ ತೆಗೆದುಕೊಂಡರೆ ತೋಪಿನ ಬಳಕೆ ದಿನಕ್ಕೆ ಸುಮಾರು 2.8 ಮಿಲಿಮೀಟರ್ ಆಗುತ್ತದೆ. ಮರಗಳನ್ನು 10 ಮೀಟರ್ ಅಂತರದಲ್ಲಿ ನೆಟ್ಟಿದ್ದರೆ ಹೆಕ್ಟೇರಿಗೆ 100 ಮರ. ಪ್ರತಿ ಮರದ ಪಾಲಿಗೆ 100 ಚದರ ಮೀಟರ್ ನೆಲ. ಅಂದರೆ ಪ್ರತಿ ಮರಕ್ಕೆ ದಿನವೊಂದಕ್ಕೆ 280 ಲೀಟರ್ ನೀರು ಬೇಕು.

ಗ್ವಾದಲ್ಕಿವಿರ್ ನದಿಯ ಜಲಾನಯನ ಪ್ರದೇಶದಲ್ಲಿ ಆಲಿವ್ ತೋಪುಗಳಿಗೆ ಸಾಮಾನ್ಯವಾಗಿ ಸಿಗುವ ಹಂಚಿಕೆ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 1,500 ಘನ ಮೀಟರ್. ಇದನ್ನು 100 ಮರಗಳಿಗೆ ಹಂಚಿದರೆ ಮರವೊಂದಕ್ಕೆ 15,000 ಲೀಟರ್. ಕೇಳುವುದಕ್ಕೆ ಇದು ದೊಡ್ಡ ಮೊತ್ತ. ಆದರೆ ದಿನಕ್ಕೆ 280 ಲೀಟರಿನಂತೆ ಕೊಟ್ಟರೆ 53 ದಿನಗಳಿಗೆ ಮುಗಿದುಹೋಗುತ್ತದೆ. ಬೇಸಿಗೆ ಇರುವುದೋ ನಾಲ್ಕು ತಿಂಗಳು. ಚಳಿಗಾಲದ ಮಳೆಯಿಂದ ಮಣ್ಣಿನಲ್ಲಿ ಉಳಿದ ತೇವ ಒಂದಿಷ್ಟು ನೆರವಾಗುತ್ತದೆ ನಿಜ. ಆದರೂ ಎಲ್ಲ ದಿನಗಳಲ್ಲಿಯೂ ಹೊಟ್ಟೆ ತುಂಬ ನೀರು ಕೊಡಲು ಸಾಧ್ಯವಿಲ್ಲ. ಆದ್ದರಿಂದ ಅಲ್ಲಿನ ರೈತನ ಮುಂದಿರುವ ಪ್ರಶ್ನೆ 'ಎಷ್ಟು ನೀರು ಕೊಡಲಿ' ಎಂಬುದಲ್ಲ, 'ಯಾವ ದಿನಗಳಲ್ಲಿ ಕೊಡದೆ ಇರಲಿ' ಎಂಬುದು.

ಈ ಲೆಕ್ಕ ತಪ್ಪಿದರೆ, ಅಥವಾ ಮಳೆಯೇ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇತ್ತೀಚಿನ ಉದಾಹರಣೆಯಿದೆ. 2021-22ರ ಹಂಗಾಮಿನಲ್ಲಿ ಸ್ಪೇನ್ ದೇಶ ಸುಮಾರು 14.9 ಲಕ್ಷ ಟನ್ ಆಲಿವ್ ಎಣ್ಣೆ ತೆಗೆಯಿತು. ಬರ ಬಿದ್ದ 2022-23ರಲ್ಲಿ ಅದು ಸುಮಾರು 6.6 ಲಕ್ಷ ಟನ್ನಿಗೆ ಇಳಿಯಿತು. ಮರುವರ್ಷ ಹೂ ಕಟ್ಟುವ ಹೊತ್ತಿನಲ್ಲಿ, 2023ರ ಏಪ್ರಿಲ್ ಕೊನೆಯಲ್ಲಿ, ಕಾರ್ಡೊಬಾ ನಗರದಲ್ಲಿ ತಾಪಮಾನ 38.8 ಡಿಗ್ರಿಗೆ ಏರಿತು. ಎರಡನೆಯ ವರ್ಷವೂ ಫಸಲು ಸೋತಿತು. 2024ರ ಆರಂಭಕ್ಕೆ ಒಳ್ಳೆಯ ಎಣ್ಣೆಯ ಸಗಟು ಬೆಲೆ ಕಿಲೋಗೆ 8 ಯೂರೋ ದಾಟಿತ್ತು. ಬೆಲೆ ಏರಿದರೂ ಮಾರಲು ಎಣ್ಣೆ ಇಲ್ಲದ ರೈತನಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಕೊಡುವ ಪ್ರತಿ ಲೀಟರ್ ನೀರನ್ನೂ ಸರಿಯಾದ ದಿನ ಕೊಡಬೇಕು ಎಂಬ ಮಾತಿಗೆ ತೂಕ ಬಂದದ್ದು ಇಂತಹ ವರ್ಷಗಳಿಂದ.

ಮರದ ತಾಳ್ಮೆಯೇ ಮೋಸ

ಆಲಿವ್ ಎಲೆ ಚಿಕ್ಕದು, ಉದ್ದನೆಯದು, ಚರ್ಮದಂತೆ ಗಟ್ಟಿ. ಮೇಲ್ಭಾಗದಲ್ಲಿ ಮೇಣದ ಲೇಪವಿದೆ. ಕೆಳಭಾಗ ಬೆಳ್ಳಿಯ ಬಣ್ಣ. ಕೊಡೆಯಾಕಾರದ ಸೂಕ್ಷ್ಮ ಹೊಟ್ಟುಗಳು ಒತ್ತಾಗಿ ಮುಚ್ಚಿಕೊಂಡಿರುವುದರಿಂದ ಆ ಬಣ್ಣ ಬಂದಿದೆ. ಎಲೆ ಉಸಿರಾಡುವ ಪತ್ರರಂಧ್ರಗಳು ಈ ಕೆಳಭಾಗದಲ್ಲಿ ಮಾತ್ರ ಇವೆ, ಅವೂ ಹೊಟ್ಟುಗಳ ಮರೆಯಲ್ಲಿ. ಬಿಸಿಲು ಏರಿ ನೀರು ಸಾಲದಾದಾಗ ಮರ ಈ ರಂಧ್ರಗಳನ್ನು ಕಿರಿದುಗೊಳಿಸಿ ಆವಿಯನ್ನು ತಡೆಯುತ್ತದೆ. ಎಲೆ ಗಟ್ಟಿಯಾಗಿರುವುದರಿಂದ ಜೋತು ಬೀಳುವುದಿಲ್ಲ. ದೂರದಿಂದ ನೋಡಿದವರಿಗೆ ಮರ ಚೆನ್ನಾಗಿಯೇ ಕಾಣುತ್ತದೆ.

ಬೇರಿನ ಶಕ್ತಿಯೂ ಅಸಾಧಾರಣವಾದುದು. ಸಾಮಾನ್ಯ ಬೆಳೆಗಳು ಮಣ್ಣಿನ ಹಿಡಿತ 15 ಬಾರ್ ಮುಟ್ಟಿದಾಗ ನೀರು ಎಳೆಯಲಾರದೆ ಬಾಡಿ ಬೀಳುತ್ತವೆ. ಆಲಿವ್ ಮರ 25 ಬಾರ್‌ವರೆಗೂ ಮಣ್ಣಿನಿಂದ ನೀರು ಹಿಂಡಿಕೊಳ್ಳುತ್ತದೆ. ಬಾರ್ ಎಂಬುದು ಒತ್ತಡದ ಅಳತೆ. ಮೋಟಾರು ಕಾರಿನ ಗಾಲಿಯಲ್ಲಿ ತುಂಬುವ ಗಾಳಿ ಸುಮಾರು 2 ಬಾರ್. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ ಒಂದು ಬಾರ್ ಎಂದರೆ ನೀರನ್ನು ಸುಮಾರು 10 ಮೀಟರ್ ಮೇಲೆತ್ತುವ ಶಕ್ತಿ. 20 ಬಾರ್ ಸೆಳೆತದಲ್ಲಿರುವ ಮರ 650 ಅಡಿಗೂ ಹೆಚ್ಚು ಆಳದ ಕೊಳವೆ ಬಾವಿಯಿಂದ ನೀರು ಎತ್ತುವಷ್ಟು ಕಷ್ಟಪಡುತ್ತಿರುತ್ತದೆ. ಮಳೆಯಾಶ್ರಯದ ಆಲಿವ್ ಮರಗಳಲ್ಲಿ ತೀವ್ರ ಬರದ ಕಾಲದಲ್ಲಿ 70 ಬಾರ್‌ಗೂ ಮೀರಿದ ಸೆಳೆತ ದಾಖಲಾಗಿದೆ. ಶರತ್ಕಾಲದಲ್ಲಿ ಮಳೆ ಬಂದಾಗ ಅಂತಹ ಮರಗಳೂ ಚೇತರಿಸಿಕೊಂಡಿವೆ.

ಹಾಗಾದರೆ ಚಿಂತೆ ಏನು ಎಂದು ಕೇಳಬಹುದು. ಮರ ಸಾಯುವುದಿಲ್ಲ, ಆದರೆ ಫಸಲು ಸಾಯುತ್ತದೆ. ಪತ್ರರಂಧ್ರ ಮುಚ್ಚಿದ ಎಲೆ ಆಹಾರ ತಯಾರಿಸುವುದಿಲ್ಲ. ಆಹಾರವಿಲ್ಲದ ಕಾಯಿಯಲ್ಲಿ ಎಣ್ಣೆ ಕೂಡುವುದಿಲ್ಲ. ಮುಂದಿನ ವರ್ಷ ಹೂ ಬಿಡಬೇಕಾದ ಎಳೆಯ ಚಿಗುರು ಬೆಳೆಯುವುದಿಲ್ಲ. ಇದಾವುದೂ ಹೊರಗೆ ಕಾಣುವುದಿಲ್ಲ. ಕಾಯಿ ಸುಕ್ಕುಗಟ್ಟಿ ಕಣ್ಣಿಗೆ ಬೀಳುವ ಹೊತ್ತಿಗೆ ಮರ ಹಲವು ವಾರಗಳಿಂದ ನರಳಿರುತ್ತದೆ. ಆದ್ದರಿಂದಲೇ ಈ ಮರದ ವಿಷಯದಲ್ಲಿ ಕಣ್ಣಳತೆ ಸಾಲದು.

ನೀರು ಮೇಲೇರುವ ಬಗೆ

ಅಳತೆಯ ಕ್ರಮ ತಿಳಿಯಬೇಕಾದರೆ ಮರದಲ್ಲಿ ನೀರು ಹೇಗೆ ಏರುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಬೇರಿನಿಂದ ಎಲೆಯವರೆಗೆ ಕೂದಲಿನಷ್ಟು ಸಣ್ಣ ನಾಳಗಳಿವೆ. ಅವುಗಳಲ್ಲಿ ನೀರು ಎಡೆಬಿಡದೆ ಎಳೆಯಂತೆ ನಿಂತಿರುತ್ತದೆ. ಮೇಲೆ ಎಲೆಯಿಂದ ಆವಿ ಹೋದಂತೆ ಈ ನೀರಿನ ಎಳೆ ಮೇಲಕ್ಕೆ ಸೆಳೆಯಲ್ಪಡುತ್ತದೆ. ಬಾವಿಯಿಂದ ಹಗ್ಗ ಎಳೆದಂತೆಯೇ ಇದು. ಕೊಡ ಹಗುರವಾಗಿದ್ದರೆ ಹಗ್ಗ ಸಡಿಲ, ಕೊಡ ಭಾರವಾದರೆ ಹಗ್ಗ ಬಿಗಿ. ಮಣ್ಣಿನಲ್ಲಿ ನೀರು ಧಾರಾಳವಾಗಿದ್ದರೆ ನಾಳದಲ್ಲಿನ ಸೆಳೆತ ಕಡಿಮೆ. ಮಣ್ಣು ಒಣಗಿದಂತೆ ಸೆಳೆತ ಹೆಚ್ಚು. ಈ ಸಿದ್ಧಾಂತವನ್ನು 1894ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ ಎಂಬ ವಿಜ್ಞಾನಿಗಳು ಮುಂದಿಟ್ಟರು.

ಈ ಬಿಗಿಯನ್ನು ಅಳೆದರೆ ಮರದ ಬಾಯಾರಿಕೆ ತಿಳಿಯುತ್ತದೆ. ಆದರೆ ಅಳೆಯುವುದು ಹೇಗೆ? ಡಿಕ್ಸನ್ ಅವರು ಗಾಜಿನ ಪಾತ್ರೆಯಲ್ಲಿ ಕೊಂಬೆಯನ್ನಿಟ್ಟು ಗಾಳಿಯ ಒತ್ತಡ ಕೊಟ್ಟು ನೋಡಿದರು. ಗಾಜು ಸಿಡಿದು ಪ್ರಯತ್ನ ಅಲ್ಲಿಗೇ ನಿಂತಿತು. ಅರ್ಧ ಶತಮಾನದ ನಂತರ, 1965ರಲ್ಲಿ, ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಯ ಪೆರ್ ಶೋಲಾಂಡರ್ ಮತ್ತು ಸಂಗಡಿಗರು ಲೋಹದ ಪಾತ್ರೆ ಬಳಸಿ ಅದೇ ಕೆಲಸವನ್ನು ಯಶಸ್ವಿಯಾಗಿ ಮಾಡಿದರು. ಬಹಳ ಎತ್ತರದ ಮರಗಳ ತುದಿಯಿಂದ ರೆಂಬೆ ಪಡೆಯಲು ಅವರು ಬಂದೂಕಿನಿಂದ ಹೊಡೆದು ಕೆಡವಿಸಿದ್ದೂ ಉಂಟು. ಅವರ ಉಪಕರಣವೇ ಇಂದಿಗೂ ಬಳಕೆಯಲ್ಲಿರುವ ಪ್ರೆಷರ್ ಚೇಂಬರ್, ಅಂದರೆ ಒತ್ತಡ ಪೆಟ್ಟಿಗೆ.

ಒತ್ತಡ ಪೆಟ್ಟಿಗೆಯ ಬಳಕೆ

ಈ ಪೆಟ್ಟಿಗೆಯಲ್ಲಿ ದಪ್ಪ ಗೋಡೆಯ ಲೋಹದ ಕೋಶ, ರಬ್ಬರಿನ ಬಿರಡೆಯಿರುವ ಮುಚ್ಚಳ, ಒತ್ತಡ ತೋರಿಸುವ ಮಾಪಕ ಮತ್ತು ನೈಟ್ರೋಜನ್ ಅನಿಲದ ಸಿಲಿಂಡರ್ ಇರುತ್ತವೆ. ತತ್ವ ಸರಳವಾದುದು. ರೆಂಬೆಯನ್ನು ಕತ್ತರಿಸಿದ ಕೂಡಲೇ ನಾಳದಲ್ಲಿ ಬಿಗಿಯಾಗಿದ್ದ ನೀರು, ಕಡಿದ ಹಗ್ಗದಂತೆ, ಒಳಕ್ಕೆ ಸರಿದುಹೋಗುತ್ತದೆ. ಆ ರೆಂಬೆಯ ಎಲೆಗಳನ್ನು ಕೋಶದೊಳಗಿಟ್ಟು, ಕತ್ತರಿಸಿದ ತುದಿಯನ್ನು ಮಾತ್ರ ಹೊರಗೆ ಬಿಟ್ಟು ಅನಿಲದ ಒತ್ತಡ ಏರಿಸಿದರೆ, ಒಂದು ಹಂತದಲ್ಲಿ ನೀರು ಮರಳಿ ತುದಿಗೆ ಬಂದು ಕಾಣಿಸಿಕೊಳ್ಳುತ್ತದೆ. ನೀರನ್ನು ಹಿಂದಕ್ಕೆ ತರಲು ಎಷ್ಟು ಒತ್ತಡ ಬೇಕಾಯಿತೋ, ಮರದಲ್ಲಿ ಅಷ್ಟೇ ಸೆಳೆತವಿತ್ತು ಎಂದು ಅರ್ಥ. ವಿಜ್ಞಾನಿಗಳು ಇದನ್ನು ಸೆಳೆತವಾದ್ದರಿಂದ ಋಣ ಸಂಖ್ಯೆಯಾಗಿ ಬರೆಯುತ್ತಾರೆ. ತೋಟದ ಬಳಕೆಗೆ ಮಾಪಕದ ಅಂಕಿಯೇ ಸಾಕು. ಅಂಕಿ ದೊಡ್ಡದಾದಷ್ಟೂ ಬಾಯಾರಿಕೆ ಹೆಚ್ಚು.

ಅಳೆಯುವ ಕ್ರಮ ಹೀಗಿದೆ:

1. ತೋಪಿನ ಸರಾಸರಿಯನ್ನು ಪ್ರತಿನಿಧಿಸುವ ಐದಾರು ಮರಗಳನ್ನು ಆರಿಸಿ ಗುರುತು ಮಾಡಬೇಕು. ಅಂಚಿನ ಮರ, ರೋಗದ ಮರ, ಹನಿ ಕೊಳವೆ ಕಟ್ಟಿಕೊಂಡ ಮರ ಬೇಡ. ಪ್ರತಿ ಸಾರಿಯೂ ಇದೇ ಮರಗಳನ್ನು ಅಳೆಯಬೇಕು.

2. ಕಾಂಡಕ್ಕೆ ಹತ್ತಿರವಿರುವ, ನೆರಳಿನಲ್ಲಿರುವ ಎಳೆಯ ರೆಂಬೆಯ ತುದಿಯನ್ನು ಆರಿಸಬೇಕು. ಆಲಿವ್ ಎಲೆಯ ತೊಟ್ಟು ತೀರ ಗಿಡ್ಡ. ಆದ್ದರಿಂದ ಒಂದೇ ಎಲೆಯ ಬದಲು ಕೆಲವು ಎಲೆಗಳಿರುವ ತುದಿರೆಂಬೆಯನ್ನು ಬಳಸುವುದು ಅನುಕೂಲ.

3. ಅದನ್ನು ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಹಾಳೆಯ ಚೀಲದಿಂದ, ರೆಂಬೆಯನ್ನು ಕತ್ತರಿಸದೆ, ಮರದಲ್ಲಿಯೇ ಮುಚ್ಚಬೇಕು. ಸುಮಾರು ಒಂದು ಗಂಟೆ ಹಾಗೆಯೇ ಬಿಡುವುದು ವಾಡಿಕೆ. ಬೆಳಕು, ಗಾಳಿ ತಾಗದ ಎಲೆ ಆವಿ ಬಿಡುವುದನ್ನು ನಿಲ್ಲಿಸುತ್ತದೆ. ಆಗ ಎಲೆಯ ಸೆಳೆತ ಕಾಂಡದ ಸೆಳೆತಕ್ಕೆ ಸಮವಾಗುತ್ತದೆ. ಚೀಲ ಹಾಕದೆ ಅಳೆದರೆ ಆ ಒಂದು ಎಲೆಗೆ ಬಿದ್ದ ಬಿಸಿಲಿನ ಸಮಾಚಾರ ಸಿಗುತ್ತದೆಯೇ ಹೊರತು ಇಡೀ ಮರದ ಸಮಾಚಾರ ಸಿಗುವುದಿಲ್ಲ.

4. ಸೂರ್ಯ ನೆತ್ತಿಯ ಮೇಲಿರುವಾಗ ಅಳೆಯಬೇಕು. ಗಡಿಯಾರದ ಹನ್ನೆರಡು ಗಂಟೆ ಎಲ್ಲೆಡೆಯೂ ನಡುಹಗಲಲ್ಲ ಎಂಬುದನ್ನು ಮರೆಯಬಾರದು. ಸ್ಪೇನಿನ ಹಾಯೆನ್‌ನಲ್ಲಿ ಬೇಸಿಗೆಯ ನಡುಹಗಲು ಗಡಿಯಾರದಲ್ಲಿ ಸುಮಾರು ಎರಡೂಕಾಲು ಗಂಟೆಗೆ ಬರುತ್ತದೆ.

5. ಹರಿತವಾದ ಬ್ಲೇಡಿನಿಂದ ಒಂದೇ ಸಾರಿ ಕತ್ತರಿಸಿ, ಚೀಲ ಬಿಚ್ಚದೆ, ತಡಮಾಡದೆ ಕೋಶಕ್ಕೆ ಹಾಕಬೇಕು. ಮತ್ತೆ ಮತ್ತೆ ತುದಿ ಕತ್ತರಿಸುತ್ತ ಹೋದರೆ ಅಳತೆ ಕೆಡುತ್ತದೆ.

6. ಒತ್ತಡವನ್ನು ನಿಧಾನವಾಗಿ ಏರಿಸುತ್ತ ತುದಿಯನ್ನು ಭೂತಗನ್ನಡಿಯಿಂದ ನೋಡುತ್ತಿರಬೇಕು. ಒಣಗಿದಂತಿದ್ದ ತುದಿ ಒದ್ದೆಯಾಗಿ ಹೊಳೆದ ಕ್ಷಣದಲ್ಲಿಯೇ ಅನಿಲ ನಿಲ್ಲಿಸಿ ಅಂಕಿ ಓದಬೇಕು. ಕೆಲವೊಮ್ಮೆ ಬರಿಯ ಗಾಳಿಯ ಗುಳ್ಳೆ ಬರುತ್ತದೆ. ಗುಳ್ಳೆಯನ್ನು ನೀರೆಂದು ತಿಳಿಯಬಾರದು.

ಎಚ್ಚರಿಕೆಯ ಮಾತೊಂದು. ಅನಿಲದ ಒತ್ತಡ ಆಟದ ವಸ್ತುವಲ್ಲ. ಬಿರಡೆ ಸಡಿಲವಿದ್ದರೆ ರೆಂಬೆ ಗುಂಡಿನಂತೆ ಹೊರಗೆ ಹಾರಬಹುದು. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಳ್ಳಲೇಬೇಕು. ಮುಖವನ್ನು ತುದಿಯ ನೇರಕ್ಕೆ ಒಡ್ಡದೆ ಓರೆಯಿಂದ ನೋಡಬೇಕು. ಮುಚ್ಚಳವನ್ನು ಒತ್ತಡ ಪೂರ್ತಿ ಇಳಿದ ಮೇಲೆಯೇ ತೆಗೆಯಬೇಕು. ಸೈಕಲ್ ಪಂಪಿನಂತೆ ಕೈಯಿಂದ ಒತ್ತುವ ಅಗ್ಗದ ಮಾದರಿಯೂ ಇದೆ. ಆದರೆ ಅದು ಸುಮಾರು 20 ಬಾರ್‌ವರೆಗೆ ಮಾತ್ರ ಹೋಗುತ್ತದೆ. ದ್ರಾಕ್ಷಿಗೆ ಅದು ಸಾಕಾಗಬಹುದು, ಬಾಯಾರಿದ ಆಲಿವ್ ಮರಕ್ಕೆ ಸಾಲದು.

ಅಂಕಿಗಳ ಅರ್ಥ

ಸ್ಪೇನಿನ ಸಂಶೋಧನೆಗಳಿಂದ ತಿಳಿದಂತೆ, ನೀರಿನ ಕೊರತೆಯಿಲ್ಲದ ಆಲಿವ್ ಮರದಲ್ಲಿ ವಾಟೆ ಗಟ್ಟಿಯಾಗುವ ಮೊದಲು ಕಾಂಡದ ಸೆಳೆತ ಸುಮಾರು 12 ಬಾರ್, ಅನಂತರ ಸುಮಾರು 14 ಬಾರ್ ಇರುತ್ತದೆ. 20 ಬಾರ್ ಎಂದರೆ ಮಧ್ಯಮ ಕೊರತೆ. 30 ಬಾರ್ ದಾಟಿದರೆ ಕಾಯಿಯ ಮತ್ತು ಚಿಗುರಿನ ಬೆಳವಣಿಗೆ ಸ್ಪಷ್ಟವಾಗಿ ಕುಗ್ಗುತ್ತದೆ.

ಆದರೆ ಅಂಕಿಯನ್ನು ಕುರುಡಾಗಿ ನಂಬಬಾರದು. ಮೂರು ಸಂಗತಿಗಳನ್ನು ಜೊತೆಯಲ್ಲಿ ನೋಡಬೇಕು. ಮೊದಲನೆಯದು ಹವೆ. ಒಣಗಾಳಿ ಬೀಸುವ ಅತಿ ಬಿಸಿಲಿನ ದಿನ ಚೆನ್ನಾಗಿ ನೀರುಂಡ ಮರವೂ ಹೆಚ್ಚು ಅಂಕಿ ತೋರಿಸುತ್ತದೆ, ಮೋಡದ ದಿನ ಕಡಿಮೆ ತೋರಿಸುತ್ತದೆ. ಆದ್ದರಿಂದ ಅಳತೆಯ ಜೊತೆಗೆ ಅಂದಿನ ತಾಪ ಮತ್ತು ಗಾಳಿಯ ತೇವವನ್ನೂ ಬರೆದಿಡಬೇಕು. ಎರಡನೆಯದು ಫಸಲಿನ ಹೊರೆ. ಆಲಿವ್ ಒಂದು ವರ್ಷ ಹೆಚ್ಚು, ಮರುವರ್ಷ ಕಡಿಮೆ ಕಾಯುವ ಮರ. ಕಾಯಿ ತುಂಬಿದ ಮರ, ಕಾಯಿ ಇಲ್ಲದ ಮರಕ್ಕಿಂತ ಹೆಚ್ಚು ಬಾಯಾರುತ್ತದೆ. ಎರಡನ್ನೂ ಬೆರೆಸಿ ಸರಾಸರಿ ತೆಗೆದರೆ ಅರ್ಥವಿಲ್ಲ. ಮೂರನೆಯದು ಓಟ. ಒಂದು ದಿನದ ಅಂಕಿಗಿಂತ ವಾರದಿಂದ ವಾರಕ್ಕೆ ಅಂಕಿ ಏರುತ್ತಿದೆಯೇ, ನಿಂತಿದೆಯೇ ಎಂಬುದು ಮುಖ್ಯ.

ಯಾವ ಕಾಲಕ್ಕೆ ಕೊರತೆ ಸಹ್ಯ?

ಆಂಡಲೂಸಿಯಾದಲ್ಲಿ ಏಪ್ರಿಲ್ ಕೊನೆಯಿಂದ ಮೇ ತಿಂಗಳವರೆಗೆ ಹೂ ಬಿಡುತ್ತದೆ. ಈ ಹಂತದಲ್ಲಿಯೂ, ಕಾಯಿ ಕಚ್ಚುವ ಹಂತದಲ್ಲಿಯೂ ನೀರಿಗೆ ಕೊರತೆಯಾಗಬಾರದು. ಕೊರತೆಯಾದರೆ ಹೂ ಉದುರಿ ಕಾಯಿಗಳ ಸಂಖ್ಯೆಯೇ ಕಡಿಮೆಯಾಗುತ್ತದೆ. ಆ ನಷ್ಟವನ್ನು ಮುಂದೆ ಎಷ್ಟು ನೀರು ಕೊಟ್ಟರೂ ತುಂಬಲಾಗದು.

ಜುಲೈ ಸುಮಾರಿಗೆ ಕಾಯಿಯೊಳಗಿನ ವಾಟೆ ಗಟ್ಟಿಯಾಗುತ್ತದೆ. ಇದನ್ನು ತಿಳಿಯಲು ಉಪಕರಣ ಬೇಡ. ಕಾಯಿಯನ್ನು ಚಾಕುವಿನಿಂದ ಅಡ್ಡಲಾಗಿ ಕೊಯ್ದು ನೋಡಿದರೆ ಸಾಕು. ಚಾಕು ಸುಲಭವಾಗಿ ಹಾಯುವವರೆಗೆ ವಾಟೆ ಎಳೆಯದು. ಚಾಕು ತಡೆದು ನಿಂತರೆ ವಾಟೆ ಬಲಿಯಿತೆಂದು ಅರ್ಥ. ಇಲ್ಲಿಂದ ಆಗಸ್ಟ್ ಮಧ್ಯದವರೆಗಿನ ಕಾಲ ಮರ ನೀರಿನ ಕೊರತೆಯನ್ನು ಹೆಚ್ಚು ಹಾನಿಯಿಲ್ಲದೆ ತಾಳಿಕೊಳ್ಳುವ ಕಾಲ. ಬಿಸಿಲಿನ ಹೊಡೆತ ಅತಿ ಹೆಚ್ಚಾಗಿದ್ದು ನೀರು ಹೆಚ್ಚು ಖರ್ಚಾಗುವುದೂ ಇದೇ ಕಾಲದಲ್ಲಿ. ಆದುದರಿಂದ ಉಳಿತಾಯಕ್ಕೆ ಇದೇ ತಕ್ಕ ಹಂತ.

ಆಗಸ್ಟ್ ಕೊನೆಯಿಂದ ತಿರುಳಿನಲ್ಲಿ ಎಣ್ಣೆ ವೇಗವಾಗಿ ಕೂಡುತ್ತದೆ. ಈಗ ಮರವನ್ನು ಮತ್ತೆ ಸುಸ್ಥಿತಿಗೆ ತರಬೇಕು. ಕೊರತೆ ಮುಂದುವರಿದರೆ ಕಾಯಿ ಚಿಕ್ಕದಾಗಿ ಎಣ್ಣೆ ಇಳಿಯುತ್ತದೆ.

ಉದಾಹರಣೆಗೆ, ಮರಕ್ಕೆ 15,000 ಲೀಟರ್ ಹಂಚಿಕೆಯಿರುವ ರೈತ ಹೀಗೆ ಯೋಜಿಸಬಹುದು. ಮೇ ಕೊನೆಯಿಂದ ಜೂನ್ ಕೊನೆಯವರೆಗೆ, ಮಣ್ಣಿನಲ್ಲಿ ಇನ್ನೂ ತೇವವಿರುವಾಗ, 40 ದಿನ ದಿನಕ್ಕೆ 100 ಲೀಟರ್: ಒಟ್ಟು 4,000 ಲೀಟರ್. ವಾಟೆ ಬಲಿಯುವ 45 ದಿನ ದಿನಕ್ಕೆ 60 ಲೀಟರ್: 2,700 ಲೀಟರ್. ಎಣ್ಣೆ ಕೂಡುವ 45 ದಿನ ದಿನಕ್ಕೆ 180 ಲೀಟರ್: 8,100 ಲೀಟರ್. ಒಟ್ಟು 14,800 ಲೀಟರ್. ಇದೇ ರೈತ ಜುಲೈ, ಆಗಸ್ಟ್ ಬಿಸಿಲಿಗೆ ಹೆದರಿ ಮಧ್ಯದ 45 ದಿನಗಳಲ್ಲಿ ಪೂರ್ತಿ 280 ಲೀಟರ್ ಕೊಟ್ಟಿದ್ದರೆ ಆ ಒಂದೇ ಹಂತಕ್ಕೆ 12,600 ಲೀಟರ್ ಖರ್ಚಾಗಿ, ಎಣ್ಣೆ ಕೂಡುವ ಕಾಲಕ್ಕೆ ಕೈ ಬರಿದಾಗುತ್ತಿತ್ತು.

ಒತ್ತಡ ಪೆಟ್ಟಿಗೆಯ ಉಪಯೋಗ ಬರುವುದು ಇಲ್ಲಿಯೇ. ಮೇಲಿನದು ಕಾಗದದ ಲೆಕ್ಕ. ಜಮೀನಿನ ಮಣ್ಣು ಆಳವೋ ತೆಳುವೋ, ಚಳಿಗಾಲದ ಮಳೆ ಎಷ್ಟು ಇಳಿದಿತ್ತೋ, ಅದನ್ನು ಕಾಗದ ಹೇಳುವುದಿಲ್ಲ, ಮರ ಹೇಳುತ್ತದೆ. ನೀರು ಕಡಿತಗೊಳಿಸಿದ ಮೇಲೆ ವಾರಕ್ಕೊಮ್ಮೆ ಅಳೆಯಬೇಕು. ಅಂಕಿ 16, 18 ಎಂದು ನಿಧಾನವಾಗಿ ಏರುತ್ತಿದ್ದರೆ ಯೋಜನೆಯಂತೆ ಮುಂದುವರಿಯಬಹುದು. 20 ದಾಟುತ್ತಿದ್ದಂತೆ ಸ್ವಲ್ಪ ನೀರು ಹೆಚ್ಚಿಸಬೇಕು. ನೀರು ತೀರ ಕಡಿಮೆಯಿರುವ ವರ್ಷ 30ರವರೆಗೂ ಬಿಡುವವರಿದ್ದಾರೆ. ಆದರೆ ಅದು ಫಸಲಿನಲ್ಲಿ ಸ್ವಲ್ಪ ಬಿಟ್ಟುಕೊಟ್ಟು ಮರವನ್ನು ಕಾಯುವ ಉಪಾಯ. ಅಂಕಿ 14ರಲ್ಲಿಯೇ ನಿಂತಿದ್ದರೆ ಮರಕ್ಕೆ ಆಳದ ತೇವ ಸಿಗುತ್ತಿದೆ ಎಂದು ತಿಳಿದು ನೀರನ್ನು ಇನ್ನೂ ಉಳಿಸಬಹುದು. ಉಪ್ಪಿನಕಾಯಿಗೆಂದು ಬೆಳೆಯುವ ತಳಿಗಳಲ್ಲಿ ಕಾಯಿಯ ಗಾತ್ರಕ್ಕೆ ಬೆಲೆ ಸಿಗುವುದರಿಂದ ಅಷ್ಟು ದೂರ ಹೋಗಬಾರದು.

ಹೆಚ್ಚು ನೀರೂ ಒಳ್ಳೆಯದಲ್ಲ

ನೀರು ಧಾರಾಳವಾಗಿರುವ ಕಡೆಯಲ್ಲಿಯೂ ಅಳತೆ ಬೇಕು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕಣಿವೆಯಲ್ಲಿ ಬೇಲಿಯಂತೆ ಒತ್ತಾಗಿ ಬೆಳೆಸಿದ ಅರ್ಬೆಕಿನಾ ತಳಿಯ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪೂರ್ತಿ ಅವಶ್ಯಕತೆಯ ಶೇಕಡಾ 70ರಿಂದ 75ರಷ್ಟು ನೀರಿಗೆ ಎಣ್ಣೆಯ ಇಳುವರಿ ಉತ್ತಮವಾಗಿತ್ತು. ಎಣ್ಣೆಯ ಗುಣ ಅದಕ್ಕಿಂತಲೂ ಕಡಿಮೆ ನೀರು ಪಡೆದ ಮರಗಳಲ್ಲಿ ಹೆಚ್ಚಾಗಿತ್ತು. ನೀರು ಹೆಚ್ಚಾದರೆ ಎಣ್ಣೆಗೆ ರುಚಿ ಮತ್ತು ಬಾಳಿಕೆ ಕೊಡುವ ಒಗರು ಅಂಶಗಳು ತೆಳುವಾಗುತ್ತವೆ. ಕಾಯಿಯಲ್ಲಿ ನೀರು ತುಂಬಿ ಗಾಣದಲ್ಲಿ ಎಣ್ಣೆ ಬೇರ್ಪಡುವುದು ಕಷ್ಟವಾಗುತ್ತದೆ. ಕೊಂಬೆ ಬೆಳೆದು ನೆರಳಾಗಿ ಸವರುವ ಖರ್ಚು ಏರುತ್ತದೆ. ವರ್ಟಿಸಿಲಿಯಂ ಎಂಬ ಬಾಡುವ ರೋಗಕ್ಕೂ ಹೆಚ್ಚು ತೇವ ಅನುಕೂಲ ಮಾಡಿಕೊಡುತ್ತದೆ.

ಇತರ ಉಪಕರಣಗಳು

ಒತ್ತಡ ಪೆಟ್ಟಿಗೆಯ ದೊಡ್ಡ ಕೊರತೆಯೆಂದರೆ ಮನುಷ್ಯನ ದುಡಿಮೆ. ಸುಡುಬಿಸಿಲಿನಲ್ಲಿ ಮರದಿಂದ ಮರಕ್ಕೆ ಸಿಲಿಂಡರ್ ಹೊತ್ತು ತಿರುಗಬೇಕು. ಆದ್ದರಿಂದ ತಾನಾಗಿ ಅಳೆಯುವ ಸಾಧನಗಳನ್ನು ಹುಡುಕುತ್ತ ಬಂದಿದ್ದಾರೆ.

ಮಣ್ಣಿನಲ್ಲಿ ಹೂಳುವ ಟೆನ್ಸಿಯೋಮೀಟರ್ ಅಗ್ಗವಾದುದು. ಆದರೆ ಅದು ಸುಮಾರು 0.8 ಬಾರ್‌ವರೆಗೆ ಮಾತ್ರ ಓದುತ್ತದೆ. ಆಲಿವ್ ಬೇರು ಕೆಲಸ ಮಾಡುವ ಒಣ ಮಣ್ಣಿನಲ್ಲಿ ಅದು ಕೈಕೊಡುತ್ತದೆ. ಅಲ್ಲದೆ ಹನಿ ನೀರಾವರಿಯಲ್ಲಿ ಒದ್ದೆ ಮಣ್ಣು ಒಂದು ಕಡೆ, ಒಣ ಮಣ್ಣು ಇನ್ನೊಂದು ಕಡೆ. ಬೇರು ಎರಡರಲ್ಲೂ ಇರುತ್ತದೆ. ಎಲ್ಲಿ ಹೂಳಬೇಕೆಂಬುದೇ ತೊಡಕು.

ಕಾಂಡಕ್ಕೆ ಕಟ್ಟುವ ಡೆಂಡ್ರೋಮೀಟರ್ ಎಂಬ ಸಾಧನ ಕಾಂಡದ ದಪ್ಪವನ್ನು ಕೂದಲೆಳೆಗಿಂತ ಸೂಕ್ಷ್ಮವಾಗಿ ಅಳೆಯುತ್ತದೆ. ಮರದ ಕಾಂಡ ಹಗಲು ನೀರು ಕಳೆದುಕೊಂಡು ಕುಗ್ಗುತ್ತದೆ, ರಾತ್ರಿ ಹಿಗ್ಗುತ್ತದೆ. ಹಲವು ಹಣ್ಣಿನ ಮರಗಳಲ್ಲಿ ಈ ಕುಗ್ಗುವಿಕೆಯೇ ಬಾಯಾರಿಕೆಯ ಒಳ್ಳೆಯ ಸೂಚನೆ. ಆಲಿವ್‌ನಲ್ಲಿ ಮಾತ್ರ ಕೊರತೆ ತೀವ್ರವಾದಾಗ ಕುಗ್ಗುವಿಕೆ ಹೆಚ್ಚುವ ಬದಲು ಕಡಿಮೆಯಾಗಿ ದಾರಿ ತಪ್ಪಿಸುತ್ತದೆ. ಎಳೆಯ ಮರಗಳಲ್ಲಿ ದಿನದಿಂದ ದಿನಕ್ಕೆ ಕಾಂಡ ಬೆಳೆಯುವ ವೇಗ ಅದಕ್ಕಿಂತ ನಂಬಿಕೆಗೆ ಅರ್ಹವೆಂದು ಕಂಡುಬಂದಿದೆ.

ಕಾಂಡದೊಳಗೆ ಸಣ್ಣ ಶಾಖದ ಮಿಡಿತ ಕೊಟ್ಟು, ಅದು ರಸದೊಡನೆ ಏರುವ ವೇಗದಿಂದ ನೀರಿನ ಹರಿವನ್ನು ತಿಳಿಯುವ ಸಾಧನವೂ ಇದೆ. ಎಲೆಯ ಬಿಸಿಯನ್ನು ದೂರದಿಂದ ಅಳೆಯುವ ಅವಕೆಂಪು ಥರ್ಮಾಮೀಟರೂ ಇದೆ. ಆದರೆ ಆಲಿವ್ ಎಲೆ ಕಿರಿದಾಗಿರುವುದರಿಂದ ಗಾಳಿಗೆ ಬೇಗ ತಣಿಯುತ್ತದೆ. ಬಾಯಾರಿದ ಎಲೆಗೂ ತಣಿದ ಎಲೆಗೂ ತಾಪದ ವ್ಯತ್ಯಾಸ ಅಲ್ಪ. ಈ ಎಲ್ಲ ಸಾಧನಗಳನ್ನೂ ಕೊನೆಗೆ ಒತ್ತಡ ಪೆಟ್ಟಿಗೆಯ ಅಂಕಿಯೊಡನೆ ತಾಳೆ ನೋಡಿಯೇ ಬಳಸುತ್ತಾರೆ.

ಭಾರತದಲ್ಲಿ ಆಲಿವ್

ಭಾರತದಲ್ಲಿ ದೊಡ್ಡ ಪ್ರಮಾಣದ ಆಲಿವ್ ಪ್ರಯತ್ನ ನಡೆದಿರುವುದು ರಾಜಸ್ಥಾನದಲ್ಲಿ. 2007ರಲ್ಲಿ ಇಸ್ರೇಲಿನ ಸಹಕಾರದೊಡನೆ ಇದಕ್ಕಾಗಿ ಒಂದು ಸಂಸ್ಥೆ ಸ್ಥಾಪನೆಯಾಯಿತು. ಇಸ್ರೇಲಿನಿಂದ ತಂದ ಸುಮಾರು 1,12,000 ಸಸಿಗಳನ್ನು 2008ರಿಂದ ಸರ್ಕಾರಿ ಕ್ಷೇತ್ರಗಳ 182 ಹೆಕ್ಟೇರಿನಲ್ಲಿ ಹನಿ ನೀರಾವರಿಯೊಡನೆ ನೆಡಲಾಯಿತು. 2014ರಲ್ಲಿ ಬಿಕಾನೇರ್ ಜಿಲ್ಲೆಯ ಲೂಣ್‌ಕರಣ್‌ಸರ್‌ನಲ್ಲಿ ಎಣ್ಣೆ ತೆಗೆಯುವ ಘಟಕ ಆರಂಭವಾಯಿತು. ಅಲ್ಲಿಯ ಮಳೆ ಚಳಿಗಾಲದಲ್ಲಲ್ಲ, ಮುಂಗಾರಿನಲ್ಲಿ ಬರುತ್ತದೆ. ಹೂ ಬಿಟ್ಟು ಕಾಯಿ ಕಚ್ಚುವ ಕಾಲ ಒಣ ಬಿಸಿಲಿನದು. ಆದ್ದರಿಂದ ಸ್ಪೇನಿನ ತಿಂಗಳ ಪಟ್ಟಿಯನ್ನು ಅಲ್ಲಿ ಹಾಗೆಯೇ ಇಳಿಸಿದರೆ ತಪ್ಪಾಗುತ್ತದೆ. ತಿಂಗಳ ಹೆಸರಿನ ಬದಲು ಮರದ ಹಂತ ನೋಡಬೇಕು, ಮರವನ್ನೇ ಅಳೆಯಬೇಕು. ಅಂದಹಾಗೆ ಬಿಕಾನೇರಿನಲ್ಲಿ ಬೇಸಿಗೆಯ ನಡುಹಗಲು ಗಡಿಯಾರದ 12 ಗಂಟೆ 40 ನಿಮಿಷದ ಸುಮಾರಿಗೆ ಬರುತ್ತದೆ.

ಆಲಿವ್ ಹೂ ಕಟ್ಟಲು ಚಳಿಗಾಲದ ತಂಪು ಅವಶ್ಯಕ. ಆದ್ದರಿಂದ ಕರ್ನಾಟಕದ ಬಯಲುಸೀಮೆಯ ರೈತರು ಈ ಮಾತುಗಳನ್ನು ಓದಿ ಆಲಿವ್ ಸಸಿ ತರಿಸಲು ಹೊರಡಬಾರದು. ಆದರೆ ಲೆಕ್ಕ ಹಾಕಿ ಮರವನ್ನು ಬಾಯಾರಿಸುವ ವಿದ್ಯೆ ಅವರಿಗೆ ಹೊಸದಲ್ಲ. ವಿಜಯಪುರ, ಬಾಗಲಕೋಟೆ, ಚಿತ್ರದುರ್ಗ ಭಾಗಗಳಲ್ಲಿ ದಾಳಿಂಬೆ ಬೆಳೆಯುವವರು ನೀರು ನಿಲ್ಲಿಸಿ, ಎಲೆ ಉದುರಿಸಿ, ಬೇಕಾದ ಹಂಗಾಮಿಗೆ ಹೂ ತರಿಸುತ್ತಾರೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಗಿಡ ಒಣ ಹವೆಯಲ್ಲಿ ಬಾಯಾರಿ ನಿಂತು, ಹೂಮಳೆ ಬಿದ್ದ ಮೇಲೆ ಒಮ್ಮೆಗೇ ಅರಳುತ್ತದೆ. ಎಷ್ಟು ದಿನ ನೀರು ನಿಲ್ಲಿಸಬೇಕು ಎಂಬುದನ್ನು ಅಲ್ಲಿ ಅನುಭವ ಹೇಳುತ್ತದೆ. ಹಂಗಾಮು ಎಂದಿನಂತಿದ್ದಾಗ ಅನುಭವ ಸಾಕು. ಹಂಗಾಮೇ ಬದಲಾದಾಗ ಅನುಭವದ ಜೊತೆಗೆ ಒಂದು ಅಳತೆಯೂ ಇದ್ದರೆ ಒಳ್ಳೆಯದು. ಬೆಲೆಬಾಳುವ ಈ ಉಪಕರಣವನ್ನು ಪ್ರತಿಯೊಬ್ಬ ರೈತನೂ ಕೊಳ್ಳಬೇಕಾಗಿಲ್ಲ. ಸಂಘವೊಂದು ಕೊಂಡು, ತರಬೇತಿ ಪಡೆದ ಒಬ್ಬ ಯುವಕ ವಾರಕ್ಕೊಮ್ಮೆ ತೋಟಗಳನ್ನು ಸುತ್ತಿ ಅಳೆದು ಹೇಳುವ ವ್ಯವಸ್ಥೆ ಮಾಡಿಕೊಳ್ಳಬಹುದು.

ನೆನಪಿಡಬೇಕಾದ ಅಂಶಗಳು

1. ಆಲಿವ್ ಎಲೆ ಬಾಡುವುದನ್ನು ಕಾಯಬಾರದು. ಅದು ಬಾಡಿ ತೋರಿಸುವ ಮರವಲ್ಲ.

2. ನಡುಹಗಲಿನಲ್ಲಿ, ಚೀಲ ಮುಚ್ಚಿದ ನೆರಳಿನ ರೆಂಬೆಯಿಂದ, ಗುರುತಿಸಿದ ಮರಗಳಲ್ಲಿಯೇ ವಾರಕ್ಕೊಮ್ಮೆ ಅಳೆಯಬೇಕು.

3. ಹೂ ಬಿಡುವಾಗ ಮತ್ತು ಕಾಯಿ ಕಚ್ಚುವಾಗ 12 ಬಾರ್ ಆಸುಪಾಸು, ವಾಟೆ ಬಲಿಯುವಾಗ 20ರವರೆಗೆ, ಎಣ್ಣೆ ಕೂಡುವಾಗ ಮರಳಿ 14ರ ಆಸುಪಾಸು ಇರುವಂತೆ ನೋಡಿಕೊಳ್ಳಬೇಕು.

4. ಅಂಕಿಯ ಜೊತೆಗೆ ಅಂದಿನ ಹವೆಯನ್ನೂ, ಮರದ ಫಸಲಿನ ಹೊರೆಯನ್ನೂ ಬರೆದಿಡಬೇಕು.

5. ನೀರನ್ನು ಉಳಿಸಬೇಕಾದುದು ವಾಟೆ ಬಲಿಯುವ ಕಾಲದಲ್ಲಿ. ಉಳಿಸಿದ ನೀರನ್ನು ಎಣ್ಣೆ ಕೂಡುವ ಕಾಲಕ್ಕೆ ಕೊಡಬೇಕು.